ದ್ರಾಕ್ಷಿ ಬಳ್ಳಿಯ ನೀರು

ಪಾಳಿ ಬದಲಾಗುವಾಗ ಊದುವ ಗಣಿಯ ಸೈರನ್ನು, ಆ ಸಂಗು, ಕೂಗಿ ನಿಲ್ಲುವವರೆಗೂ ಗಂಗರತ್ನಮ್ಮ ಕುಡುಗೋಲನ್ನು ಸೆರಗಿನಡಿಯಲ್ಲೇ ಹಿಡಿದುಕೊಂಡಿದ್ದಳು. ರಾತ್ರಿ ಪಾಳಿ ಮುಗಿಯಿತು. ಇನ್ನು ಗಂಡ ಆಂಜಿನಪ್ಪ ಮೇಲೆ ಬಂದ ಹಾಗೇ. ಗಂಡಸು ನೆಲದೊಳಗೆ ಇಳಿದಿರುವಾಗ ಮನೆಯ ಹಸಿರಿಗೆ ಕತ್ತಿ ತಾಗಿಸಬಾರದೆಂಬುದು ಅತ್ತೆ ಮುನಿಶಾಮಮ್ಮನ ಕಟ್ಟಳೆ.

ಬಾಗಿಲ ಮುಂದಿನ ದ್ರಾಕ್ಷಿ ಬಳ್ಳಿ ಚಪ್ಪರವನ್ನು ದಾಟಿ ತಗಡಿನ ಮಾಡಿಗೂ ಹಬ್ಬಿತ್ತು. ಎಲೆಯೋ ಎಲೆ, ನೆಟ್ಟು ವರ್ಷಗಳಾದರೂ ಒಂದು ಕಾಯಿಲ್ಲ. ನಂದಿದುರ್ಗ ಗಣಿಯ ಸಾಹೇಬರ ಬಂಗಲೆಯ ಬಳ್ಳಿಯನ್ನು ಅವಳು ಬೇಲಿಯ ಸಂದಿಯಿಂದ ಎಷ್ಟೋ ಸಲ ನೋಡಿದ್ದಳು. ಒಮ್ಮೆ ಬರೀ ಬೋಳು ಕಡ್ಡಿ, ಮತ್ತೊಮ್ಮೆ ಹೋದಾಗ ಗೊಂಚಲು. ಬೋಳಾಗದೆ ಗೊಂಚಲು ಬಿಡುವುದೇ ಇಲ್ಲವೇನೋ? ತಿಳಿಯದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಅರ್ಧ ಬಳ್ಳಿ ಸವರಿದ್ದಳು. ಕೊಯ್ದ ತುದಿಯಿಂದ ತೊಟಕ್ಕನೆ ನೀರು ಬಿತ್ತು. ಇನ್ನೊಂದರಿಂದಲೂ. ಬೆರಳೊಡ್ಡಿ ನಾಲಿಗೆಗೆ ಹಚ್ಚಿಕೊಂಡಳು. ಸಿಹಿಯಿಲ್ಲ, ಹುಳಿಯಿಲ್ಲ. ಒಣಗಿದ ನೆಲದಿಂದ ಇಷ್ಟು ನೀರು ಎಲ್ಲಿಂದ ಹತ್ತಿತು?

ಅಷ್ಟರಲ್ಲಿ ಪಕ್ಕದ ಮನೆಯ ಕುಪ್ಪುಸ್ವಾಮಿ ಪಾಳಿ ಮುಗಿಸಿ ದೂಳು ಮುಖದಲ್ಲೇ ಬಂದ. "ಅಣ್ಣ ಬರ್ಲಿಲ್ಲಮ್ಮಾ. ಆಳು ಕಮ್ಮಿ ಅಂತ ಇನ್ನೊಂದು ಷಿಫ್ಟು ನಿಂತ್ಕೊಂಡ್ರು. ಒಳಗೇ ಅವ್ರೆ."

ಕುಡುಗೋಲು ಕೈಜಾರಿತು. ಸದ್ದಿಗೆ ಹೊರಬಂದ ಮುನಿಶಾಮಮ್ಮ ಹೊಸ್ತಿಲ ಮೇಲೆ ಹೊಸದಾಗಿ ಬಿದ್ದ ಬಿಸಿಲನ್ನು ನೋಡಿ, ಆಮೇಲೆ ಬಳ್ಳಿಯನ್ನು ನೋಡಿದಳು.

"ಅಯ್ಯೋ ನಿನ್ ಕೈ ಸೇದೋಗ! ಬಳ್ಳಿ ಕಣ್ಣೀರ್ ಆಕ್ತಾ ಐತಲ್ಲೇ! ನನ್ ಮಗ ಒಳಗಿರೋವಾಗ್ಲೇ ಬೇಕಾಗಿತ್ತಾ ನಿಂಗೆ?"

"ಸಂಗು ಕೂಗ್ತಲ್ಲ ಅತ್ತೆ..."

"ಸಂಗು ಕೂಗಿದ್ರೆ ಆಯ್ತಾ? ಮಕ ನೋಡ್ಬೇಕು ಕಣೇ, ಮಕ!"

ಮುದುಕಿ ಕೊಯ್ದ ತುದಿಗಳಿಗೆಲ್ಲ ಸಗಣಿ ಮೆತ್ತಿದಳು. ನೀರು ಅದನ್ನೂ ನೆನೆಸಿ ಕೆಳಗಿಳಿಯಿತು. ಮಧ್ಯಾಹ್ನದ ಹೊತ್ತಿಗೆ ನೆಲದಾಳದಲ್ಲಿ ಎಲ್ಲೋ ಬಂಡೆ ಸಿಡಿದು, ಗೂಡಿನ ತಟ್ಟೆಗಳು ನಡುಗಿದವು. ಉರಿಗಾಂನ ಗಣಿ ಕೂಲಿಗಳ ಲೈನಿನ ಮನೆಗಳಿಗೆ ಇದೇನೂ ಹೊಸದಲ್ಲ. ಆದರೂ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಗು ಮತ್ತೆ ಕೂಗಿ ಬಹಳ ಹೊತ್ತಾದ ಮೇಲೆ ಆಂಜಿನಪ್ಪ ಬಂದ. ಬಾಗಿಲಲ್ಲಿ ನೆತ್ತಿಯ ಮೇಲೆ ಹನಿ ಬಿತ್ತು. "ಇದೇನಮ್ಮೀ, ನಮ್ಮನೆಗೊಂದೇ ಮಳೆ?" ಎಂದು ನಕ್ಕು, ಉಂಡು, ಬಿದ್ದುಕೊಂಡ.

ಗೊರಕೆ ಕೇಳಿದ ಮೇಲೆ ಮುನಿಶಾಮಮ್ಮ ಕುಡುಗೋಲನ್ನು ಎತ್ತಿ ಸೊಸೆಯ ಮುಂದೆ ಹಿಡಿದಳು. "ಅವ್ನು ಮನ್ಯಾಗಿರೋವಾಗ್ಲೇ ಆ ಕಡೇದೂ ಕುಯ್ದಾಕು. ಅದೇನಾಗ್ತದೋ ನೋಡೇಬುಡಾನ."

ಗಂಗರತ್ನಮ್ಮ ಕೊಂಬೆ ಬಗ್ಗಿಸಿ ಕೊಯ್ದಳು. ಕೆಳಗೆ ನಿಂತ ಮುದುಕಿ ಬೀಳುವ ಹನಿಗೆ ಅಂಗೈ ಒಡ್ಡಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಮೆಲ್ಲನೆ ನಾಲಿಗೆಗೆ ಹಚ್ಚಿಕೊಂಡಳು.