ಮೇಷ್ಟ್ರ ಬಾಣಲೆ

ಪುಷ್ಪಲತಾ ಗಾಜಿನ ಜಾಡಿಯ ಮುಚ್ಚಳ ತೆಗೆದು, ಒಳಗಿದ್ದ ಒದ್ದೆ ಬಿಲ್ವಪತ್ರೆಯನ್ನು ಬಾಚಿ ಬಾಚಿ ಹರಿವಾಣಕ್ಕೆ ಹಾಕಿದಳು.

"ಇದರಾಗ ಪತ್ರಿ ಇಟ್ಟೋರು ಯಾರು?"

"ನಾನೇ ಅತ್ತಿಗಿ," ಎಂದಳು ನಾದಿನಿ ಶಿವಬಸಮ್ಮ. "ಗಟ್ಟಿ ಮುಚ್ಚಳ ಐತಿ, ಅಣ್ಣನ ಕುಣಿಗೆ ಹೋಗೋತನಕ ಬಾಡಂಗಿಲ್ಲ ಅಂತ."

ಪಡಸಾಲೆಯಲ್ಲಿ ಪುಷ್ಪಲತಾಳ ಗಂಡ, ಕೊಟ್ಟೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ನಾಗಪ್ಪ ಮೇಷ್ಟ್ರ ಶವಕ್ಕೆ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಇತ್ತ ಜಾಡಿಯ ತಳದ ನೀಲಿ ಹರಳುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಅವುಗಳ ಮೇಲಿನ ಜಾಲರಿಯಲ್ಲಿ ಮೇಣ ಮೆತ್ತಿದ ಸಣ್ಣ ಕೊಳವೆಗಳು, ಕೊಳವೆಗಳಲ್ಲಿ ಲೋಳೆಸರದಂಥ ಜೆಲ್.

"ಸರ್ ಮಾಡಿದ ಕಡೇ ಸ್ಯಾಂಪಲ್‌ರಿ ಇವು," ಎಂದ ಮೇಷ್ಟ್ರ ಜೊತೆ ಕೆಲಸ ಮಾಡುತ್ತಿದ್ದ ಪ್ರವೀಣಕುಮಾರ್. "ಬೆಂಗಳೂರಾಗಿನ ಎನ್‌ಎಂಆರ್ ಯಂತ್ರದಾಗ ಇವನ್ನ ಪರೀಕ್ಷೆ ಮಾಡಾಕ ನಾಳೆ ನಮ್ಮ ಪಾಳಿ. ವರ್ಷಗಟ್ಟಲೆ ಕಾದಿದ್ರು. ಹಿಂಗ ತೇವದಾಗ ಇದ್ರ ಬಸ್ ಹತ್ತೋದ್ರಾಗ ಕೆಡ್ತಾವು."

ಅವಳಿಗೆ ಸತ್ತವರ ಮೇಲೆಯೇ ಸಿಟ್ಟು ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಇವರದು ಹೂಳಿದರೂ ಹೋಗುವಂತಿರಲಿಲ್ಲ.

*

ಬದುಕಿದ್ದಾಗ ಒಂದು ದಿನ ಮೇಷ್ಟ್ರು ಒಲೆಯ ಮುಂದೆ ನಿಂತು ಇವೇ ಹರಳು ಹುರಿಯುತ್ತಿದ್ದರು.

"ಶೇಂಗಾ ಹುರಿಯೋ ಬಾಣಲ್ಯಾಗ ಇದೇನ್ರಿ ಅನಿಷ್ಟ?"

"ಇವು ಗಾಳ್ಯಾಗಿನ ತೇವ ಕುಡೀತಾವು, ಜೆಲ್ ಕೆಡಂಗಿಲ್ಲ. ಕುಡಿದು ಗುಲಾಬಿ ಆದ್ರ ಹುರೀಬೇಕು, ಮತ್ತ ನೀಲಿ ಆಗ್ತಾವು."

"ಆ ಜೆಲ್ಲಿನಾಗ ಅಂಥಾದ್ದೇನೈತಿ?"

"ಒಂದು ನಮೂನಿ ಉಪ್ಪು. ಅದರ ಕಣ ಸರಾಗ ಓಡಾಡಿದ್ರ ಸೋರದಂಥ ಬ್ಯಾಟ್ರಿ ಮಾಡಬಹುದು. ಓಡಾಡ್ತಾವೋ ಇಲ್ಲೋ, ಬೆಂಗಳೂರಾಗಿನ ಯಂತ್ರದ ದೊಡ್ಡ ಅಯಸ್ಕಾಂತ ಹೇಳತೈತಿ."

"ನಮ್ಮ ಮನ್ಯಾಗ ಉಪ್ಪು ತೀರೈತಿ. ಅದನ್ನ ಯಾವ ಅಯಸ್ಕಾಂತ ಹೇಳಬೇಕು?"

ಮೇಷ್ಟ್ರು ನಕ್ಕು ಸೌಟು ಆಡಿಸಿದರು. ಅವಳು ಆ ಬಾಣಲೆಯ ಆಸೆ ಬಿಟ್ಟು ಸಂತೆಯಲ್ಲಿ ಹೊಸದು ಕೊಂಡಳು.

*

ಪುಷ್ಪಲತಾ ಅಟ್ಟದಿಂದ ಹಳೆಯ ಬಾಣಲೆ ಇಳಿಸಿ, ಹರಳು ಸುರಿದು, ಒಲೆ ಹಚ್ಚಿದಳು. ಮೈದುನ ಕೊಟ್ರಸ್ವಾಮಿ ಓಡಿ ಬಂದ.

"ಅತ್ತಿಗಿ, ಅಣ್ಣ ಇನ್ನೂ ಮನ್ಯಾಗ ಅದಾನ. ಮಣ್ಣಾಗೋತನಕ ಒಲಿ ಹಚ್ಚಬಾರದು. ಮಂದಿ ಏನಂದಾರು?"

"ಅಡಿಗಿಗಲ್ಲಪ್ಪಾ, ನಿಮ್ಮಣ್ಣನ ಕೆಲಸಕ್ಕ. ಇದ್ದಾಗ ಒಂದಿನ ಸುಮ್ಮನೆ ಕುಂದ್ರಾಕ ಬಿಡಲಿಲ್ಲ. ಇವತ್ತಾದ್ರೂ ಬಿಡ್ತಾರೇನು?"

"ಅಣ್ಣನ್ನ ಎತ್ತಾಕ ಹೊತ್ತಾತು."

"ತಡೀರಿ. ಇನ್ನೂ ಗುಲಾಬಿನೇ ಅದಾವು."

ಹೊರಗೆ ಭಜನೆಯವರ ತಾಳ ನಿಂತಿತು. ಬೆಳಗಿನಿಂದ ಬಾರದಿದ್ದ ಅಳು ಈಗ ಒತ್ತರಿಸಿ ಬಂತು. ಒಂದು ಹನಿಯೂ ಬಾಣಲೆಗೆ ಬೀಳದಂತೆ ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಕೈ ಮಾತ್ರ ಮುಂದೆ ಚಾಚಿ ಸೌಟು ಆಡಿಸುತ್ತಲೇ ಇದ್ದಳು. ಬಾಣಲೆಯ ಅಂಚಿನಲ್ಲಿ ಒಂದು ಹರಳು ನೀಲಿಯಾಯಿತು.