ಹತ್ತು ನಿಮಿಷಕ್ಕೆ ಬಾತುಕೋಳಿ

ಮಧ್ಯಾಹ್ನವಾಗುತ್ತ ಬಂದಂತೆ ದರ್ಜಿಯಂಗಡಿಯ ಮೇಲಿನ ಆ ಕೋಣೆ ತುಸು ತೇಲಲು ಶುರುಮಾಡುತ್ತಿತ್ತು. ಕೆಳಗಿನ ಹೊಲಿಗೆ ಯಂತ್ರದ ಸದ್ದು ನೆಲದ ಹಲಗೆಗಳೊಳಗಿಂದ ಮೇಲೇರಿ, ಬೆಂಚಿನ ಕಾಲು ಹಿಡಿದು, ಡಬ್ಬಿಯಲ್ಲಿದ್ದ ಸಣ್ಣ ಸ್ಕ್ರೂಗಳನ್ನು ಮೆಲ್ಲಗೆ ಕುಣಿಸುತ್ತಿತ್ತು. ಬೆಸುಗೆಯ ಹೊಗೆ ಕಿಟಕಿಯ ಬಿಸಿಲಿನವರೆಗೆ ಬಂದು, ಮುಂದಿನ ದಾರಿ ಮರೆತಂತೆ ಅಲ್ಲೇ ನಿಂತುಬಿಡುತ್ತಿತ್ತು. ಆ ಹೊಗೆಯ ಹಿಂದೆ ಕೂತವಳು ರೇಡಿಯೋಮ್ಮ. ಹಳೆಯ ರೇಡಿಯೋ ರಿಪೇರಿ ಮಾಡುವವಳಾದ್ದರಿಂದ ಬೀದಿಯವರು ಇಟ್ಟ ಹೆಸರು. ಅವಳಿಗೂ ಅದರ ಮೇಲೆ ತಕರಾರಿರಲಿಲ್ಲ. ಟಿವಿಯಮ್ಮ ಅನ್ನಲಿಲ್ಲವಲ್ಲ, ಮುಖಕ್ಕಿಂತ ದನಿಯೇ ವಾಸಿ ಎನ್ನುತ್ತಿದ್ದಳು.

ಆ ಗುರುವಾರ ಹನ್ನೊಂದು ಗಂಟೆಗೆ ಮೆಟ್ಟಿಲು ಹತ್ತಿ ಬಂದ ಮುದುಕ ಎದೆಗವಚಿಕೊಂಡ ಟವಲನ್ನು ಬಿಚ್ಚಿದಾಗ ಒಳಗಿದ್ದುದು ಒಂದು ಸಿ.ಬಿ. ಸೆಟ್ಟು. ಲಾರಿಯವರೂ ಕಲ್ಲುಗಣಿಯವರೂ ಹಿಂದೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಇಟ್ಟುಕೊಳ್ಳುತ್ತಿದ್ದರಲ್ಲ, ಅದು. ಈತ ಗಣಿಯಲ್ಲಿ ಕ್ರೇನ್ ನಡೆಸಿದವನು. ಕೆಲಸ ಬಿಟ್ಟು ವರ್ಷಗಳಾದರೂ ಎಲ್ಲರಿಗೂ ಕ್ರೇನ್ ತಾತನೇ. ಅವನ ಅಕ್ಕ ಅದೇ ಗಣಿಯ ಗೇಟಿನಲ್ಲಿ ಲಾರಿಗಳ ತೂಕ ಬರೆಯುವ ಗುಮಾಸ್ತೆಯಾಗಿದ್ದಳು. ಅವಳು ಗೇಟಿನಿಂದ ಲಾರಿ ಬಂತು ಎನ್ನಬೇಕು, ಇವನು ಕಲ್ಲೆತ್ತಬೇಕು. ಗಣಿ ಮುಚ್ಚಿತು, ಗುಂಡಿಯಲ್ಲಿ ನೀರು ತುಂಬಿತು, ಸೆಟ್ಟುಗಳು ಮಾತ್ರ ಉಳಿದವು. ಈಗ ಗುಡ್ಡದ ಈಚೆ ಇವನು, ಆಚೆ ಅವಳು. ದಿನಾ ಸಂಜೆ ನಾಲ್ಕಕ್ಕೆ ಮಾತು.

ಫೋನಿಲ್ಲವೇ ಎಂದು ರೇಡಿಯೋಮ್ಮ ಕೇಳಿದಳು. ಇದೆ, ಆದರೆ ಫೋನಿನಲ್ಲಿ ಇಬ್ಬರೂ ಒಟ್ಟಿಗೇ ಮಾತಾಡುತ್ತಾರಂತೆ, ಹುಟ್ಟಿದಾಗಿನಿಂದ ಹಾಗೇ. ಸೆಟ್ಟಿನಲ್ಲಿ ಒಬ್ಬರು ಮೈಕಿನ ಗುಂಡಿ ಬಿಟ್ಟರೆ ತಾನೇ ಇನ್ನೊಬ್ಬರ ಮಾತು ಬರುವುದು? ಅಕ್ಕ ಹೇಳಿದ್ದನ್ನು ತಾನು ಮೊದಲ ಬಾರಿ ಪೂರ್ತಿ ಕೇಳಿಸಿಕೊಂಡದ್ದೇ ಗಣಿಗೆ ಸೇರಿದ ಮೇಲೆ ಎಂದ ತಾತ.

ಈಗ ಆ ಅಕ್ಕ ಮಾತು ಬಿಟ್ಟು ಎರಡು ವಾರ. ಚಿಕ್ಕಂದಿನಲ್ಲಿ ಇವನು ಅವಳ ಮೂಗಿನ ದನಿಯನ್ನು ಬಾತುಕೋಳಿ ಮಾಡಿ ಅಣಕಿಸಿ ಅಳಿಸುತ್ತಿದ್ದನಂತೆ. ಅವಳಿಗೆ ಕೆಲಸ ಸಿಕ್ಕ ದಿನ ಇನ್ನು ಮುಂದೆ ಆಡಿಕೊಳ್ಳುವುದಿಲ್ಲ ಎಂದು ಅವಳ ತಲೆ ಮುಟ್ಟಿ ಹೇಳಿದ್ದ, ನಲವತ್ತು ವರ್ಷ ಮಾತು ಉಳಿಸಿಕೊಂಡಿದ್ದ. ಆದರೆ ಅಕ್ಕನ ದೂರು ಏನೆಂದರೆ, ಈಚೆಗೆ ಇವನು ಹತ್ತು ನಿಮಿಷ ಮನುಷ್ಯನ ಹಾಗೆ ಮಾತಾಡಿ, ಆಮೇಲೆ ಬೇಕೆಂದೇ ಬಾತುಕೋಳಿಯಾಗುತ್ತಾನೆ. ತಾನು ಹಾಗೆ ಮಾಡಿಯೇ ಇಲ್ಲ ಎಂದು ಇವನು ವಾದಿಸಿದ. ಸುಳ್ಳು ಬೇರೆ ಹೇಳ್ತೀಯಾ ಎಂದು ಅವಳು ಇನ್ನಷ್ಟು ಉರಿದಳು. ಕೊನೆಗೆ ಮಗಳ ಕೈಲಿ ಹೇಳಿಕಳಿಸಿದ್ದಳು: ಗುರುವಾರ ನಾಲ್ಕಕ್ಕೆ ಇನ್ನೊಂದೇ ಒಂದು ಸಲ ಸೆಟ್ಟು ಹಚ್ಚುತ್ತೇನೆ, ಅವತ್ತೂ ಬಾತುಕೋಳಿ ಬಂದರೆ ಅದು ಗುಜರಿಗೆ.

"ನನಗೆ ಅವಳ ಮಾತು ಚೆನ್ನಾಗೇ ಕೇಳ್ಸುತ್ತೆ ಕಣಮ್ಮಾ," ಎಂದ ತಾತ. "ಸ್ವಲ್ಪ ಹೊತ್ತಾದ್ಮೇಲೆ ದಪ್ಪ ಆಗುತ್ತೆ. ಈ ಗುಂಡಿ ಹಿಂಗೆ ತಿರುಗಿಸಿದ್ರೆ ಸರಿಹೋಗುತ್ತೆ."

ಆ ಗುಂಡಿ ನೋಡಿದ್ದೇ ರೇಡಿಯೋಮ್ಮನಿಗೆ ಅರ್ಧ ಕಥೆ ತಿಳಿಯಿತು. ಸೆಟ್ಟು ಹಚ್ಚಿ, ತಾತನ ಕೈಗೆ ಮೈಕು ಕೊಟ್ಟು, ಏನಾದರೂ ಹೇಳುತ್ತಿರಿ ಎಂದಳು. ಅವನು ಗಣಿಯ ಹಳೆಯ ಲಾರಿಗಳ ನಂಬರುಗಳನ್ನು ಒಂದೊಂದಾಗಿ ಒಪ್ಪಿಸತೊಡಗಿದ. ಹನ್ನೆರಡು ನಿಮಿಷವಾದ ಮೇಲೆ, ಬೆಂಚಿನ ಮೇಲಿದ್ದ ಇನ್ನೊಂದು ಸೆಟ್ಟಿನಲ್ಲಿ ಹಿಡಿದು ಟೇಪು ಮಾಡಿದ್ದ ಅವನದೇ ದನಿಯನ್ನು ಅವನಿಗೇ ಕೇಳಿಸಿದಳು. ಲಾರಿಗಳ ನಂಬರನ್ನು ಒಂದು ಬಾತುಕೋಳಿ, ಬಹಳ ಗಂಭೀರವಾಗಿ, ಒಂದೂ ತಪ್ಪಿಲ್ಲದೆ ಹೇಳುತ್ತಿತ್ತು.

ತಾತ ಮೈಕನ್ನು ಮೆಲ್ಲಗೆ ಕೆಳಗಿಟ್ಟ.

"ಆ ಗುಂಡಿ ನಿಮ್ಮ ಕಿವಿ ಸರಿಮಾಡುತ್ತೆ ತಾತ, ಬಾಯಲ್ಲ," ಎಂದಳು ರೇಡಿಯೋಮ್ಮ. "ಅಕ್ಕ ಸುಳ್ಳು ಹೇಳಿಲ್ಲ. ನೀವೂ ಹೇಳಿಲ್ಲ."

ಇಂಥ ಸೆಟ್ಟುಗಳಲ್ಲಿ ಎರಡೂ ಕಡೆಯ ಫ್ರೀಕ್ವೆನ್ಸಿ ಒಂದೇ ಇರಬೇಕು. ಕಳಿಸುವ ಕಡೆ ಕೂದಲೆಳೆಯಷ್ಟು ಮೇಲೆ ಜಾರಿದರೂ ಕೇಳುವ ಕಡೆ ಬಾತುಕೋಳಿ, ಕೆಳಗೆ ಜಾರಿದರೆ ಕರಡಿ. ಇವನ ಸೆಟ್ಟು ಬಿಸಿಯಾದಂತೆ ಮೇಲೆ ಜಾರುತ್ತಿತ್ತು. ಯಾಕೆ ಎಂದು ಹುಡುಕಬೇಕು, ಅದೂ ನಾಲ್ಕರೊಳಗೆ.

ಅವಳು ಮುಚ್ಚಳ ಬಿಚ್ಚಿ, ಫ್ರೀಕ್ವೆನ್ಸಿ ಎಣಿಸುವ ಮೀಟರು ಜೋಡಿಸಿ, ಸೆಟ್ಟು ತಣ್ಣಗಾಗಲು ಬಿಟ್ಟಳು. ಮತ್ತೆ ಹಚ್ಚಿದಾಗ ಮೀಟರಿನ ಕೊನೆಯ ಅಂಕೆಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ ಒಂದೊಂದಾಗಿ ಹೊರಳತೊಡಗಿದವು. ಮೊದಲು ಕರೆಂಟು ನೋಡಿದಳು. ಒಳಗಿನ ಎಂಟು ವೋಲ್ಟು ಕದಲದೆ ಎಂಟೇ ಇತ್ತು. ಆಮೇಲೆ ಕೂದಲು ಒಣಗಿಸುವ ಯಂತ್ರ ತೆಗೆದು, ಒಂದೊಂದೇ ಮೂಲೆಗೆ ಬಿಸಿಗಾಳಿ ಊದಿದಳು. ಬಿಸಿ ಮಾಡಿ ನೋಡು, ತಣ್ಣಗೆ ಮಾಡಿ ನೋಡು: ಜ್ವರದ ಮಗುವಿನ ಹತ್ತಿರ ಕೂತಂತೆಯೇ ಆ ಕೆಲಸ. ಗಾಳಿಯ ಗುಂಯ್ ಸದ್ದಿಗೆ ತಾತನ ಕಣ್ಣು ಎಳೆಯಿತು. ಛಾವಣಿಯ ಏರಿಯಲ್ ಕಂಬದಿಂದ ಬೆಂಚಿನ ಸೆಟ್ಟಿಗೆ ಎಲ್ಲೆಲ್ಲಿಯದೋ ದನಿಗಳು ಇಳಿದು, ಯಾರೋ ಯಾರನ್ನೋ ಕರೆದು, ಉತ್ತರ ಕೇಳುವ ಮೊದಲೇ ಮರೆಯಾಗುತ್ತಿದ್ದವು.

ಎರಡೂಮುಕ್ಕಾಲಿಗೆ ಕಳ್ಳ ಸಿಕ್ಕಿದ. ಫ್ರೀಕ್ವೆನ್ಸಿ ಹಿಡಿದಿಡುವ ಹರಳಿನ ಪಕ್ಕದ ಒಂದು ಪುಟ್ಟ ಕೆಪಾಸಿಟರಿನ ಬುಡಕ್ಕೆ ತಣ್ಣನೆಯ ಸ್ಪ್ರೇ ತಾಗಿದ್ದೇ ತಡ, ಅಂಕೆಗಳು ಬೆಚ್ಚಿ ಕೆಳಗಿಳಿದವು. ಭಾಗಗಳು ಅಲುಗದಿರಲಿ ಎಂದು ಕಂಪನಿಯವರೇ ಹಚ್ಚಿದ್ದ ಅಂಟು ವಯಸ್ಸಾಗಿ ಕಂದಿ, ಬಿಸಿಯಾದಾಗ ಕಳ್ಳದಾರಿಯಲ್ಲಿ ಕರೆಂಟು ಸಾಗಿಸುತ್ತಿತ್ತು. ಕಂಪನಿಯವರಿಂದಲೇ ಕಂಪನ ಕೆಟ್ಟಿತು ಎಂದು ಅವಳು ಗೊಣಗಿದಳು. ತಾತ ಅರೆನಿದ್ದೆಯಲ್ಲೂ ನಕ್ಕ. ಅಂಟು ಕೆರೆದು, ಸ್ಪಿರಿಟ್ಟಿನಲ್ಲಿ ತೊಳೆದು, ಬಿಸಿಗೆ ಜಗ್ಗದ ಜಾತಿಯ ಹೊಸ ಕೆಪಾಸಿಟರು ಕೂರಿಸಿದಳು. ಅರ್ಧ ಗಂಟೆ ಬಿಸಿಗಾಳಿ ಊದಿದರೂ ಅಂಕೆಗಳು ಕೂತಲ್ಲಿಂದ ಏಳಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕೂತ ಅಂಕೆ ಇರಬೇಕಾದ್ದಕ್ಕಿಂತ ನಾನೂರು ಹರ್ಟ್ಸ್ ಕಡಿಮೆ ಇತ್ತು. ಬೆಳಿಗ್ಗೆ ಸೆಟ್ಟು ತಣ್ಣಗಿದ್ದಾಗಲೂ ಅಷ್ಟೇ ಕಡಿಮೆ ತೋರಿಸಿದ್ದು ಅವಳಿಗೆ ನೆನಪಾಯಿತು. ತಪ್ಪು ಅಂಕೆ ಕಣ್ಣೆದುರಿಗೆ ಕೂತಿರುವಾಗ ಸುಮ್ಮನಿರುವುದು ಮೆಕ್ಯಾನಿಕ್ಕಿನ ಜಾಯಮಾನವಲ್ಲ. ಸಣ್ಣ ಸ್ಕ್ರೂ ಒಂದನ್ನು ತಿರುಗಿಸಿ ಪೂರ್ತಿ ಸೊನ್ನೆಗಳ ಮೇಲೆ ತಂದು ನಿಲ್ಲಿಸಿ, ಅಂದ ನೋಡಿದಳು.

ನಾಲ್ಕಕ್ಕೆ ಸರಿಯಾಗಿ, ಛಾವಣಿಯ ಏರಿಯಲ್ ಸಿಕ್ಕಿಸಿದ್ದ ತಾತನ ಸೆಟ್ಟಿನ ಸ್ಪೀಕರಿನಿಂದ ಒಂದು ಕರಡಿ ಮಾತಾಡಿತು. "ಲೋ ತಮ್ಮಾ, ಇದೀಯಾ?"

ರೇಡಿಯೋಮ್ಮ ಕೈಯೆತ್ತಿ ತಡೆಯುವಷ್ಟರಲ್ಲಿ ತಾತ ಗುಂಡಿ ಒತ್ತಿ "ಇದೀನಿ ಅಕ್ಕಾ" ಅಂದಾಗಿತ್ತು. ಅವಳಿಗೆ ಆಗ ಹೊಳೆಯಿತು: ಅಕ್ಕ ಇಲ್ಲಿಗೆ ಕರಡಿಯಾಗಿ ಬಂದರೆ ತಮ್ಮ ಅಲ್ಲಿಗೆ ಬಾತುಕೋಳಿಯಾಗಿಯೇ ಹೋಗಿರುತ್ತಾನೆ. ಅಕ್ಕನ ಸೆಟ್ಟೂ ನಾನೂರು ಕಡಿಮೆಯಲ್ಲೇ ಇತ್ತು. ಬಹುಶಃ ಗಣಿಯ ಯಾವುದೋ ಕಾಲದಲ್ಲಿ, ಮೀಟರೇ ಇಲ್ಲದ ಯಾರೋ ಒಂದರ ದನಿ ಕೇಳಿ ಇನ್ನೊಂದನ್ನು ಕಿವಿಯಿಂದಲೇ ಕೂಡಿಸಿದ್ದರು. ಇಷ್ಟು ವರ್ಷ ಎರಡೂ ಒಂದೇ ತಪ್ಪಿನಲ್ಲಿ ಸುಖವಾಗಿದ್ದವು. ಆ ತಪ್ಪನ್ನು ಅವಳು ತಿದ್ದಿಬಿಟ್ಟಿದ್ದಳು.

ಆಮೇಲೆ ಕರಡಿ, ಬಹಳ ಸಮಾಧಾನದಿಂದ, "ಇವತ್ತು ಶುರುನೇ ಬಾತುಕೋಳಿಯಿಂದ ಮಾಡ್ಬಿಟ್ಯಾ? ಆಯ್ತು. ನಾನು ಹೇಳೋದಿಷ್ಟು ಹೇಳಿ ಮುಚ್ಚಿಬಿಡ್ತೀನಿ. ಕೇಳು" ಎಂದಿತು.

"ತಿರುಗಿಸೋ ಗುಂಡಿ ಮುಟ್ಟಬೇಡಿ ತಾತ," ಎಂದಳು ರೇಡಿಯೋಮ್ಮ, ಸ್ಕ್ರೂಡ್ರೈವರು ಹುಡುಕುತ್ತ. "ಬೈಸ್ಕೊಳ್ತಾ ಇರಿ. ಅವರು ಬೈದಷ್ಟೂ ನನಗೆ ಒಳ್ಳೇದು."

ಅಕ್ಕ ಬೈದಳು. ತೊಟ್ಟಿಲಿನಿಂದ ಶುರುಮಾಡಿ, ಶಾಲೆ, ಅಪ್ಪನ ಛತ್ರಿ, ಮುರಿದ ಕನ್ನಡಕ, ಎಲ್ಲವನ್ನೂ ತೂಗಿ ತೂಗಿ ಒಂದೊಂದಾಗಿ ಇಳಿಸಿದಳು. ಸ್ಕ್ರೂ ತಿರುಗಿದಂತೆ ಕರಡಿ ಗಂಡಸಾಯಿತು, ಗಂಡಸು ಮುದುಕಿಯಾದ, ಮುದುಕಿ ನಡುವಯಸ್ಸಿನವಳಾದಳು. ಎಲ್ಲಿ ನಿಲ್ಲಿಸುವುದು? ಎಲ್ಲವೂ ಯಾರದೋ ಒಬ್ಬರ ದನಿಯಂತೆಯೇ ಇತ್ತು, ರೇಡಿಯೋಮ್ಮ ಈ ಅಕ್ಕನನ್ನು ಕೇಳಿಯೇ ಇರಲಿಲ್ಲ. ನಾನೂರರ ಲೆಕ್ಕ ನಂಬೋಣವೆಂದರೆ ಅಕ್ಕನ ಸೆಟ್ಟು ಸರಿಯಾಗಿ ಎಷ್ಟು ಕೆಳಗಿದೆಯೆಂದು ಯಾರಿಗೆ ಗೊತ್ತು? ಇದೇನಾ, ಇದೇನಾ ಎಂದು ತಾತನನ್ನು ಕೇಳಿದಳು. ಗಾಬರಿಯಲ್ಲಿ ಅವನಿಗೆ ಎಲ್ಲವೂ ಅಕ್ಕನಂತೆಯೇ ಕಂಡವು, ಯಾವುದೂ ಅಕ್ಕನಾಗಲಿಲ್ಲ.

"ಹಂಗಾದ್ರೆ ನೀವೇ ಮಾಡಿ ತೋರಿಸಿ. ಅವರ ಹಾಗೆ ಮಾತಾಡಿ."

ತಾತ ಅವಳನ್ನೇ ನೋಡಿದ. "ಆಗಲ್ಲ ಕಣಮ್ಮಾ. ತಲೆ ಮುಟ್ಟಿ ಹೇಳಿದೀನಿ."

"ಗುಂಡಿ ಒತ್ತಿಲ್ಲ. ಅವರಿಗೆ ಕೇಳ್ಸಲ್ಲ."

ಅವನು ಕಣ್ಣು ಮುಚ್ಚಿಕೊಂಡ. ಬಾಯಿ ಬಿಟ್ಟಾಗ ಬಂದದ್ದು ಬಾತುಕೋಳಿಯಲ್ಲ. ಮೂಗಿನಲ್ಲಿ ತುಸುವೇ ತಡೆದು, ಕೊನೆಯಕ್ಷರ ಎಳೆದು, ಪ್ರತಿ ಮಾತಿನ ತುದಿಗೆ ಒಂದು "ಸರೀನಾ" ಇಟ್ಟು ಅವನು ಲಾರಿಗಳನ್ನು ಕರೆದ, ಟನ್ನುಗಳನ್ನು ಹೇಳಿದ. ಕೋಣೆಯ ಬಿಸಿಲು ಗಣಿಯ ದೂಳಾಯಿತು. ತೂಕದ ಕಟ್ಟೆಯ ಕಿಟಕಿಯಲ್ಲಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ತಲೆಯೆತ್ತಿದಂತೆ ರೇಡಿಯೋಮ್ಮನಿಗೆ ಅನ್ನಿಸಿತು. ಅವಳು ಸ್ಕ್ರೂವನ್ನು ಉಸಿರಿನಷ್ಟು, ಅರ್ಧ ಉಸಿರಿನಷ್ಟು ತಿರುಗಿಸಿದಳು. ಸ್ಪೀಕರಿನ ದನಿ ಜಾರಿ ಬಂದು ತಾತನ ಬಾಯಲ್ಲಿದ್ದ ದನಿಯ ಮೇಲೆ ಕೂತಿತು. ಎರಡರಲ್ಲಿ ಯಾವುದು ಯಾರದೆಂದು ಒಂದು ಕ್ಷಣ ತಿಳಿಯಲಿಲ್ಲ.

ಅವಳು ಕೈ ತೆಗೆದಳು.

"ನನ್ನದು ಮುಗೀತು," ಎಂದಳು ಅಕ್ಕ, ತನ್ನದೇ ದನಿಯಲ್ಲಿ. "ನಿನ್ನದೇನಾದ್ರೂ ಇದೆಯಾ? ಇಲ್ಲಾಂದ್ರೆ ಮುಚ್ತೀನಿ."

ಸೆಟ್ಟಿನ ದೋಷ ಎಂದುಬಿಡಿ ಎಂದು ರೇಡಿಯೋಮ್ಮ ಸನ್ನೆ ಮಾಡಿದಳು. ತಾತ ಗುಂಡಿ ಒತ್ತಿ ಅದನ್ನು ಹೇಳಿದ. ಒತ್ತಿದ ಬೆರಳನ್ನು ಮಾತ್ರ ಬಿಡಲಿಲ್ಲ.

"ಬಾತುಕೋಳಿ ಮಾಡಿದ್ದು ಸೆಟ್ಟು ಅಕ್ಕಾ. ನಾನಲ್ಲ. ಆದ್ರೆ ಈಗ, ನೀನು ಬೈತಿದ್ದಾಗ, ನಿನ್ನ ಹಾಗೆ ಮಾತಾಡ್ದೆ. ಸರಿಮಾಡೋಕೆ ಅಂತ. ಅದು ನಾನೇ."

ಅವನು ಬೆರಳು ಬಿಟ್ಟಾಗ ಸ್ಪೀಕರು, "ಮಾಡು. ಹೆಂಗೆ ಮಾಡಿದೆ, ಕೇಳ್ತೀನಿ" ಎಂದಿತು.

ಅವನು ಮಾಡಿದ. ಈ ಸಲ ಲಾರಿಗಳಿಲ್ಲ. "ಊಟ ಆಯ್ತಾ, ಬೇಗ ಬಾ, ಸರೀನಾ" ಎಂದಷ್ಟೇ.

"ನಾನು ಹಂಗಾ ಮಾತಾಡೋದು?" ಎಂದಳು ಅಕ್ಕ. ಆಮೇಲೆ ಮೆಲ್ಲಗೆ, "ಅಮ್ಮನ ಥರಾನೇ ಇದೆಯಲ್ಲೋ" ಎಂದಳು.

ತಾತ ಅದನ್ನು ಎಂದೂ ಯೋಚಿಸಿರಲಿಲ್ಲ. ಅವನಿಗೆ ಅಮ್ಮನ ದನಿ ನೆನಪಿರಲಿಲ್ಲ. ಅಮ್ಮ ಹೋದಾಗ ಅವನು ಇನ್ನೂ ನಾಲ್ಕು ವರ್ಷದವನು.

"ಇನ್ನೊಂದ್ಸಲ ಕರಿಯೋ. ನನ್ನ ಹೆಸರು ಹಿಡಿದು ಕರಿ."

ಅವನು ಅಕ್ಕನನ್ನು ಜೀವಮಾನದಲ್ಲಿ ಮೊದಲ ಬಾರಿ ಹೆಸರು ಹಿಡಿದು ಕರೆದ, ಗುಂಡಿ ಬಿಟ್ಟ. ಅತ್ತ ಕಡೆ ಗುಂಡಿ ಒತ್ತಿದ ಸದ್ದಾಯಿತು. ಗುಡ್ಡದಾಚೆಯ ಕೋಣೆಯೊಂದರಲ್ಲಿ ತಿರುಗುತ್ತಿದ್ದ ಫ್ಯಾನು, ದೂರದಲ್ಲೆಲ್ಲೋ ಮುಚ್ಚಿದ ಒಂದು ಬಾಗಿಲು, ಒಂದು ಉಸಿರು, ಎಲ್ಲ ಇದ್ದಹಾಗೇ ಬಂದವು. ಆ ಹತ್ತು ನಿಮಿಷವೂ ಕಳೆದು ಗಂಟೆ ನಾಲ್ಕೂಕಾಲು ದಾಟಿತ್ತು. ತಾತ ಮೈಕು ಹಿಡಿದು ಕಾಯುತ್ತಿದ್ದ. ರೇಡಿಯೋಮ್ಮ ಮೀಟರಿನ ತಂತಿ ಕಿತ್ತು, ಸದ್ದಾಗದಂತೆ ಡ್ರಾಯರಿನೊಳಗಿಟ್ಟಳು.