ನಡುನೀರಿನಲ್ಲಿ ನಿಲ್ಲುವ ಮೋಟಾರು

ದಾನಮ್ಮನ ದೋಣಿಯ ಮೋಟಾರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ದಡದಲ್ಲಿ ಹಗ್ಗ ಎಳೆದರೆ ಸಾಕು, ಗುಡುಗಿಕೊಂಡು ಹೊರಡುತ್ತಿತ್ತು. ನಡುನೀರಿಗೆ ಬಂದದ್ದೇ ತಡ, ಕೆಮ್ಮಿ ಕೆಮ್ಮಿ ಆರಿಹೋಗುತ್ತಿತ್ತು. ನಾಸಿಕದ ಹೊರಗೆ, ಗಂಗಾಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಆಕೆ ದ್ರಾಕ್ಷಿ ತೋಟದ ಹೆಣ್ಣಾಳುಗಳನ್ನು ದಾಟಿಸುತ್ತಿದ್ದಳು. ಮೋಟಾರು ಹೀಗೆ ಕೈಕೊಡತೊಡಗಿದ ಮೇಲೆ ಅವರೆಲ್ಲ ಸುತ್ತುಬಳಸಿ ಟೆಂಪೊದಲ್ಲೇ ಹೋಗತೊಡಗಿದರು.

ಗುಜರಿ ಅಂಗಡಿಯಲ್ಲಿ ಬಿದ್ದಿದ್ದ, ತನಗಿಂತ ಹಿರಿಯ ವಯಸ್ಸಿನ ಆ ಮೋಟಾರನ್ನು ತಂದು, ನಟ್ಟು ನಟ್ಟು ಬಿಚ್ಚಿ ಜೀವ ಕೊಟ್ಟವಳು ಅವಳೇ. ಈಗ ಸಿನ್ನರ್ ಊರಿನ ಮೋಟಾರು ಮೇಸ್ತ್ರಿ ಬಂದು ಪ್ಲಗ್ ಬದಲಿಸಿದ, ಕಾರ್ಬೊರೇಟರ್ ತೊಳೆದ, ದಡದಲ್ಲಿ ಸ್ವಲ್ಪ ಹೊತ್ತು ಓಡಿಸಿ ತೋರಿಸಿ ಹೋದ. ನೀರಿಗಿಳಿದರೆ ಮತ್ತದೇ ರಾಗ.

ಅಷ್ಟರಲ್ಲಿ ಸಂಭಾಜಿನಗರದಿಂದ ತಮ್ಮ ಬಸವಕುಮಾರ ಪಿಕಪ್ ಹೊಡೆದುಕೊಂಡು ಬಂದೇಬಿಟ್ಟ. ಅಲ್ಲಿ ಅವನದು ಕಿರಾಣಿ ಅಂಗಡಿ.

“ಅಕ್ಕಾ, ಇದು ಗುಜರಿಗೇ ಹೋಗ್ಲಿ. ನೀನೂ ಮಾಮಾನೂ ನನ್ನ ದುಕಾನಕ್ಕ ಬರ್ರಿ. ನೆರಳಾಗ ಕುಂತು ಕೆಲಸ ಮಾಡೀರಿ.”

“ಇವತ್ತು ಆಚಿ ದಂಡಿ ಮುಟ್ಟಿ ಬಂದ್ರ ನೀ ಖಾಲಿ ಗಾಡಿ ಹೊಡಕೊಂಡು ಹೋಗು. ಇಲ್ಲಂದ್ರ ಮೋಟಾರ್ ಏರಸು, ನಾನೂ ಏರ್ತೀನಿ,” ಎಂದಳು ದಾನಮ್ಮ.

ಗಂಡ ರಾಚಪ್ಪ ವಿಭೂತಿ ಹಿಡಿದು ಮೋಟಾರಿನ ಹತ್ತಿರ ಹೋದ. ಆಯುಧಗಳನ್ನು ಪೂಜಿಸುವ ಖಂಡೇನವಮಿಯಿಂದ ಅವನದೊಂದು ಹೊಸ ಕ್ರಮ: ದಿನಾ ಲಿಂಗಪೂಜೆ ಮುಗಿಸಿ, ಅನ್ನ ಹಾಕುವ ಮೋಟಾರಿನ ನೆತ್ತಿಗೂ ಒದ್ದೆ ವಿಭೂತಿ ಎಳೆಯುವುದು. ಅದು ಕೆಟ್ಟಾಗಿನಿಂದ ಇನ್ನಷ್ಟು ದಪ್ಪಗೆ ಎಳೆಯುತ್ತಿದ್ದ. ಇವತ್ತೂ ಎಳೆದ.

ಮೂವರೂ ಹೊರಟರು. ನಡುನೀರಿನಲ್ಲಿ ಮೋಟಾರು ಆರಿತು. ಬಸವಕುಮಾರ ಮೀಸೆಯಲ್ಲೇ ನಕ್ಕ.

ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ದಾನಮ್ಮ ಮೋಟಾರಿನ ನೆತ್ತಿಯ ಮೇಲಿದ್ದ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಿ ಹಗ್ಗ ಎಳೆದರೆ ಮೋಟಾರು ಏನೂ ಆಗಿಲ್ಲವೆಂಬಂತೆ ಗುಡುಗಿತು. ಸ್ವಲ್ಪ ದೂರ ಹೋಗಿ ಮತ್ತೆ ಆರಿತು. ಈ ಸಲ ದಾನಮ್ಮ ನಕ್ಕಳು.

“ತಮ್ಮಾ, ಎಣ್ಣಿ ಡಬ್ಬಿಗೆ ಎರಡು ತೂತು ಯಾಕ ಹೊಡೀತಿ?”

“ಒಂದರಾಗ ಗಾಳಿ ಹೋದ್ರನ ಇನ್ನೊಂದರಾಗ ಎಣ್ಣಿ ಬರ್ತದ.”

“ಹಂಗಂದ್ರ ಇದ್ರದೂ ಗಾಳಿ ತೂತು ಮುಚ್ಚ್ಯದ.”

ಬಳೆಯಲ್ಲಿದ್ದ ಪಿನ್ನು ತೆಗೆದು ಮುಚ್ಚಳದ ನಡುವಿನ ಸಣ್ಣ ತೂತನ್ನು ಕೆದಕಿದಳು. ಗಟ್ಟಿಯಾಗಿದ್ದ ಬಿಳಿ ಪುಡಿ ಉದುರಿತು. ರಾಚಪ್ಪನ ಮುಖ ಸಪ್ಪಗಾಯಿತು. ವಿಭೂತಿ ಇನ್ನೂ ಒಣಗದ ಬೆರಳುಗಳನ್ನು ಅವನು ಧೋತರದಲ್ಲಿ ಮರೆಮಾಡಿದ. ದಾನಮ್ಮನಿಗೆ ಮೊದಲು ರೇಗಿತು, ಆಮೇಲೆ ಅಯ್ಯೋ ಅನ್ನಿಸಿತು. ಇಷ್ಟು ದಿನ ಆ ಮನುಷ್ಯ ಬೇಡಿಕೊಂಡದ್ದೆಲ್ಲ ಅವಳ ದೋಣಿಗಾಗಿಯೇ.

“ಏನದು ಅಕ್ಕಾ?” ಎಂದ ಬಸವಕುಮಾರ.

“ಧೂಳ ಕುಂತಿತ್ತು,” ಎಂದು ಅವಳು ಹಗ್ಗ ಎಳೆದಳು.

ದೋಣಿ ಆಚೆ ದಡ ಮುಟ್ಟಿತು, ಟೆಂಪೊಗೆ ಕಾಯುತ್ತಿದ್ದ ಹೆಂಗಸರನ್ನು ಹತ್ತಿಸಿಕೊಂಡು, ಮೋಟಾರು ಒಮ್ಮೆಯೂ ಕೆಮ್ಮದೆ, ಮರಳಿತು. ಬಸವಕುಮಾರ ಖಾಲಿ ಪಿಕಪ್ ಹೊಡೆದುಕೊಂಡು ಹೋದ.

ಮರುದಿನ ರಾಚಪ್ಪ ಪೂಜೆ ಮುಗಿಸಿ ದೋಣಿಯ ಹತ್ತಿರ ಬಂದ. ಒದ್ದೆ ವಿಭೂತಿಯ ಕೈಯನ್ನು ಎಲ್ಲಿ ಇಡಬೇಕೋ ತಿಳಿಯದೆ ನಿಂತ. ದಾನಮ್ಮ ಸೆರಗು ಸರಿಸಿ ತನ್ನ ಹಣೆ ಒಡ್ಡಿದಳು.

“ಇಲ್ಲಿ ಹಚ್ಚರಿ. ಎಷ್ಟ ದಪ್ಪ ಹಚ್ಚಿದ್ರೂ ಇದು ನಡುನೀರಾಗ ನಿಲ್ಲೂದಿಲ್ಲ.”